ಮೊಳೆ ಜೋಡಿಸುವವನ ಕಥೆಲೆಕ್ಕ

ಅಚ್ಚುಕೂಟಕ್ಕೆ ಸೇರಿದ ಮೊದಲ ವಾರದಲ್ಲೇ ಫೋರ್‌ಮನ್ ತಾತನಿಗೆ ಕಲಿಸಿದ ಪಾಠ ಒಂದೇ: ಅಕ್ಷರ ಓದು, ಅರ್ಥ ಓದಬೇಡ. ಆಗ ತಾತ ತಾತನಾಗಿರಲಿಲ್ಲ. ಮೀಸೆ ಚಿಗುರುತ್ತಿದ್ದ ಹುಡುಗ. ಸೀಸದ ಅಚ್ಚುಮೊಳೆಗಳು ಕನ್ನಡಿಯೊಳಗಿನ ಅಕ್ಷರಗಳಂತೆ ತಿರುವುಮುರುವಾಗಿ ನಿಲ್ಲುತ್ತವೆ. ಅವುಗಳ ನಡುವೆ ಅರ್ಥ ಹುಡುಕಿಕೊಂಡು ಹೋದವನ ಬೆರಳು ತಡವರಿಸುತ್ತದೆ. ತಡವರಿಸಿದ ಬೆರಳು ಮೊಳೆತಟ್ಟೆಯ ತಪ್ಪು ಮನೆಗೆ ಇಳಿಯುತ್ತದೆ. ಒಮ್ಮೆ ಯಾರದೋ ಮದುವೆಯ ಕರೆಯೋಲೆಯಲ್ಲಿ ತನ್ನ ಸಹಪಾಠಿಯೊಬ್ಬಳ ಹೆಸರು ಕಂಡು ಅವನು ಅರೆಕ್ಷಣ ಅರ್ಥ ಓದಿಬಿಟ್ಟ. ಮದುವೆಯ ತಿಂಗಳೇ ಬದಲಾಗಿಹೋಯಿತು. ಅಚ್ಚಾಗಿದ್ದ ಐನೂರು ಕರೆಯೋಲೆಗಳನ್ನೂ ಫೋರ್‌ಮನ್ ಅವನ ಕೈಯಿಂದಲೇ ಹರಿದುಹಾಕಿಸಿದ. ಅಂದಿನಿಂದ ನಲವತ್ತೊಂದು ವರ್ಷ ಅವನು ಏನನ್ನೂ ಓದಲಿಲ್ಲ, ಎಲ್ಲವನ್ನೂ ಜೋಡಿಸಿದ.

ಮೂರನೆಯ ಮತ್ತು ನಾಲ್ಕನೆಯ ತರಗತಿಯ ಗಣಿತದ ಪುಸ್ತಕಗಳನ್ನು ಇಪ್ಪತ್ತೆರಡು ವರ್ಷ ಜೋಡಿಸಿದವನೂ ಅವನೇ. ಅವನ ಬೆರಳುಗಳ ನಡುವೆ ಸಾವಿರಾರು ಮೊಟ್ಟೆಗಳು ಒಡೆದವು, ತೊಟ್ಟಿಗಳು ತುಂಬಿದವು, ಸೋರಿದವು, ರೈಲುಗಳು ಜನರನ್ನು ಇಳಿಸಿ ಮುಂದೆ ಹೋದವು. ಒಂದರ ಉತ್ತರವೂ ಅವನಿಗೆ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಮಗನ ವಿಷಯದಲ್ಲೂ, ಆ ನಿಯಮವೇ ಅವನನ್ನು ಎತ್ತಿ ನಿಲ್ಲಿಸಿತ್ತು. ಮಗ ಬಸ್ಸಿನ ಡ್ರೈವರ್. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡಾಗ ಬಸ್ಸನ್ನು ರಸ್ತೆಯ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗಿನ ಮೇಲೆ ತಲೆಯಿಟ್ಟ, ಮತ್ತೆ ಎತ್ತಲಿಲ್ಲ. ‘ಬಸ್ಸಿನಲ್ಲಿದ್ದ ಮೂವತ್ತಾರು ಮಂದಿಯೂ ಸುರಕ್ಷಿತ’ ಎಂದು ಪತ್ರಿಕೆ ಬರೆಯಿತು. ನಿಧನದ ಚೀಟಿಯನ್ನು ಬೇರೆ ಯಾರ ಕೈಗೂ ಕೊಡದೆ ತಾತನೇ ಜೋಡಿಸಿದ. ಕರಡಿನಲ್ಲಿ ಒಂದು ತಪ್ಪೂ ಇರಲಿಲ್ಲ. ಮರುವರ್ಷ ಅಚ್ಚುಕೂಟವೇ ಮುಚ್ಚಿತು. ಮೊಳೆಗಳು ತೂಕಕ್ಕೆ ಹೋದವು. ಖಾಲಿಯಾದ ಮರದ ತಟ್ಟೆಯೊಂದನ್ನು, ಅದರ ಸಣ್ಣ ಸಣ್ಣ ಮನೆಗಳ ಸಮೇತ, ತಾತ ಕಂಕುಳಲ್ಲಿ ಇಟ್ಟುಕೊಂಡು ಬಂದ.

ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಈಗ ಇರುವವರು ಮೂವರು: ತಾತ, ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮಾಡುವ ಸೊಸೆ, ನಾಲ್ಕನೆಯ ತರಗತಿಯ ಮೊಮ್ಮಗಳು ಚುಕ್ಕಿ. ಆ ಅಡ್ಡಹೆಸರು ತಾತನೇ ಇಟ್ಟದ್ದು. ಮೊಳೆಗಳಲ್ಲೆಲ್ಲ ಚಿಕ್ಕದು ಚುಕ್ಕಿ. ಅದೊಂದು ನೆಲಕ್ಕೆ ಬಿದ್ದರೆ ಇಡೀ ಅಚ್ಚುಕೂಟ ಮಂಡಿಯೂರಿ ಹುಡುಕಬೇಕು.

ಟೀಚರ್ ಕರೆಸಿದ್ದು ಒಂದು ಸೋಮವಾರ. ಮಕ್ಕಳ ಕುಳ್ಳು ಬೆಂಚಿನಲ್ಲಿ ಸೊಸೆ ಮತ್ತು ತಾತ ಮೊಣಕಾಲು ಎದೆಗೆ ಒತ್ತಿಕೊಂಡು ಕುಳಿತರು. ಸೊಸೆಯ ಕೂದಲಲ್ಲಿ ಇನ್ನೂ ಹಿಟ್ಟಿನ ಪುಡಿ ಇತ್ತು.

“ಕೂಡೋದು, ಕಳೆಯೋದು, ಮಗ್ಗಿ, ಎಲ್ಲಾ ನೀರು ಕುಡಿದ ಹಾಗೆ ಮಾಡ್ತಾಳೆ,” ಟೀಚರ್ ಹೇಳಿದರು. “ಕಥೆಲೆಕ್ಕ ಬಂತೋ, ಮುಗೀತು. ನೀವೇ ನೋಡಿ.”

ಹಾಳೆಯ ಮೇಲೆ ಅಚ್ಚಾದ ಸಾಲುಗಳು: ‘ಒಬ್ಬ ವ್ಯಾಪಾರಿಯು ಸೈಕಲ್ಲಿನಲ್ಲಿ 48 ಮೊಟ್ಟೆಗಳನ್ನು ಒಯ್ಯುತ್ತಿದ್ದನು. ದಾರಿಯಲ್ಲಿ 9 ಮೊಟ್ಟೆಗಳು ಒಡೆದವು. ಎಷ್ಟು ಮೊಟ್ಟೆಗಳು ಉಳಿದವು?’ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಚುಕ್ಕಿಯ ಉತ್ತರ: ‘ಅವನು ಸೈಕಲ್ ನಿಲ್ಲಿಸಿ ಅಲ್ಲೇ ಕುಳಿತನು. ಅಂಗಡಿಯವರು ಬಯ್ಯುತ್ತಾರೆ. ಅದಕ್ಕೆ ಎಣಿಸಲಿಲ್ಲ.’ ಮುಂದಿನದು, ಮೂವತ್ತು ಚಾಕೊಲೇಟುಗಳನ್ನು ಐದು ಮಕ್ಕಳಿಗೆ ಸಮನಾಗಿ ಹಂಚುವುದು. ಉತ್ತರ: ‘ಒಬ್ಬಳಿಗೆ ಜ್ವರ, ಬಂದಿಲ್ಲ. ಅವಳದನ್ನು ತೆಗೆದಿಟ್ಟರು.’

“ಲೆಕ್ಕ ಕೊಟ್ರೆ ಕಾದಂಬರಿ ಬರೀತಾಳೆ,” ಎಂದು ಟೀಚರ್ ನಕ್ಕರು. ಆದರೆ ನಗು ಬೇಗ ಮುಗಿಯಿತು. ಮೂರು ವಾರ ಬಿಟ್ಟು, ಗುರುವಾರ ಬೆಳಿಗ್ಗೆ, ಹಿಂದುಳಿದ ಮಕ್ಕಳಿಗೆ ಇನ್ನೊಂದು ಪರೀಕ್ಷೆ. ಐದು ಕಥೆಲೆಕ್ಕ. ಮೂರು ಸರಿಯಾಗಬೇಕು. ಆಗದಿದ್ದರೆ ಮತ್ತೆ ಮೂರನೆಯ ತರಗತಿ. “ನನ್ನ ಕೈಲಿಲ್ಲ. ಮೇಲಿನವರ ನಿಯಮ.”

ಮನೆಯ ಮೆಟ್ಟಿಲು ಹತ್ತುವಾಗ ಸೊಸೆ ಎರಡನೆಯ ತಿರುವಿನಲ್ಲಿ ನಿಂತಳು. ಚುಕ್ಕಿ ಮುಂದೆ ಓಡಿಹೋಗಿದ್ದಳು.

“ಮಾವ, ನಾನು ನಾಲ್ಕಕ್ಕೆ ಎದ್ದು ಹೋಗ್ತೀನಿ. ಬಂದಾಗ ಕಣ್ಣು ಬಿಡೋಕಾಗಲ್ಲ. ಇವಳ ಪಾಠ ನೋಡೋರು ಯಾರು?”

“ನಾನಿಲ್ವೇನಮ್ಮ.”

“ನೀವಿದ್ದೀರಿ.” ಆ ಮಾತಿನಲ್ಲಿ ಚುಚ್ಚು ಇರಲಿಲ್ಲ; ಅದೇ ಹೆಚ್ಚು ಚುಚ್ಚಿತು. “ಇದೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಅಕ್ಕನ ಊರಿಗೆ ಕರ್ಕೊಂಡು ಹೋಗ್ತೀನಿ. ಭಾವ ಮೇಷ್ಟ್ರು, ಕೂರಿಸಿ ಕಲಿಸ್ತಾರೆ. ನಾನೂ ಅಲ್ಲೇ ಎಲ್ಲಾದ್ರೂ ಕೆಲಸ ನೋಡ್ಕೋತೀನಿ. ನೀವು ತಪ್ಪು ತಿಳ್ಕೋಬೇಡಿ.”

ತಾತ ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಂತ. ಮೂವರಲ್ಲಿ ಇಬ್ಬರು ಹೋದರೆ ಎಷ್ಟು ಉಳಿಯುತ್ತದೆ? ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕಥೆಲೆಕ್ಕದ ಉತ್ತರ ಅವನಿಗೆ ಕೇಳುವ ಮೊದಲೇ ಗೊತ್ತಾಗಿತ್ತು.

ಅಂದೇ ಸಂಜೆ ಅಚ್ಚುಕೂಟದ ಆ ಮರದ ತಟ್ಟೆ ಕೆಳಗಿಳಿಯಿತು. ಅದರ ಮನೆಗಳಲ್ಲಿ ಇಷ್ಟು ದಿನ ಗುಂಡಿ, ಬೀಗದ ಕೈ, ಸೂಜಿ, ಯಾವುದಕ್ಕೂ ಹೊಂದದ ಸ್ಕ್ರೂಗಳು ಇದ್ದವು. ತಾತ ಅದನ್ನು ಒರೆಸಿ ನಾಲ್ಕು ಮನೆಗಳಿಗೆ ನಾಲ್ಕು ಚಿಹ್ನೆ ಅಂಟಿಸಿದ. ಹಳೆಯ ಕ್ಯಾಲೆಂಡರನ್ನು ಕತ್ತರಿಸಿ ಚೀಟಿ ಮಾಡಿ, ಒಂದೊಂದರ ಮೇಲೂ ಒಂದೊಂದು ಪದ ಬರೆದ. ‘ಒಟ್ಟು’, ‘ಹೆಚ್ಚು’, ‘ಸೇರಿದರು’ ಕೂಡುವ ಮನೆಗೆ. ‘ಉಳಿದ’, ‘ಇಳಿದ’, ‘ಒಡೆದ’, ‘ಕೊಟ್ಟಳು’ ಕಳೆಯುವ ಮನೆಗೆ. ‘ಪ್ರತಿಯೊಂದು’, ‘ಸಾಲು’ ಗುಣಿಸುವ ಮನೆಗೆ. ‘ಸಮನಾಗಿ’, ‘ಹಂಚಿ’ ಭಾಗಿಸುವ ಮನೆಗೆ. ಹಳೆಯ ಪುಸ್ತಕವೊಂದು ಟ್ರಂಕಿನಲ್ಲಿತ್ತು, ಅವನೇ ಜೋಡಿಸಿದ್ದು. ಮೊದಲ ಪಾಠದಿಂದ ಹಿಡಿದ.

“ತಾತ, ಈ ಅಮ್ಮ ಹನ್ನೆರಡು ಹೂವಿನ ಕುಂಡ ಪಕ್ಕದ ಮನೆಗೆ ಯಾಕೆ ಕೊಟ್ಟುಬಿಟ್ಲು?”

“ಅದು ನಮಗೆ ಬೇಡ ಕಣೇ.”

“ಅವಳು ಮನೆ ಖಾಲಿ ಮಾಡ್ತಿದ್ಲಾ?”

“ಮಾಡ್ಲಿ ಬಿಡು. ‘ಕೊಟ್ಟಳು’ ಅಂತ ಇದೆ ತಾನೇ? ಯಾವ ಮನೆ?”

“ಎರಡನೇ ಮನೆ.”

“ಕಳಿ. ಮುಗೀತು. ಅರ್ಥ ಹುಡುಕ್ಬೇಡ. ಪದ ನೋಡು, ಮನೆ ನೋಡು, ಕೈ ಹಾಕು. ಇದು ನಲವತ್ತೊಂದು ವರ್ಷದ ವಿದ್ಯೆ.”

ಚುಕ್ಕಿಗೆ ವಿದ್ಯೆ ಹತ್ತಿತು. ಅವಳ ಬೆರಳು ತಾತನ ಬೆರಳಿನ ಹಾಗೆಯೇ ಚುರುಕು. ಮೊದಲ ವಾರ ಹತ್ತಕ್ಕೆ ಏಳು. ಎರಡನೆಯ ವಾರ ಹತ್ತಕ್ಕೆ ಹತ್ತು. ತಾತ ಹಾಳೆಗಳನ್ನು ಸೊಸೆಯ ಊಟದ ತಟ್ಟೆಯ ಪಕ್ಕದಲ್ಲಿಡುತ್ತಿದ್ದ; ಅವಳು ಊಟದ ನಡುವೆ ಎಡಗೈಯಲ್ಲಿ ಹಾಳೆ ತಿರುಗಿಸಿ, ಮತ್ತೆ ಒಂದು ತುತ್ತು ಹೆಚ್ಚು ತಿನ್ನುತ್ತಿದ್ದಳು. ಮೂರನೆಯ ವಾರದ ಹೊತ್ತಿಗೆ ಚುಕ್ಕಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಳು. ಮೊಟ್ಟೆಯವನು ಮನೆ ಮುಟ್ಟಿದನೇ, ಜ್ವರದ ಹುಡುಗಿಗೆ ಹುಷಾರಾಯಿತೇ, ಯಾವುದೂ ಬೇಕಿರಲಿಲ್ಲ. ಅದನ್ನು ಗಮನಿಸಿ ತಾತ ಹೆಮ್ಮೆಪಟ್ಟ. ಆ ಹೆಮ್ಮೆಯನ್ನು ನೆನೆದಾಗಲೆಲ್ಲ ಆಮೇಲೆ ಅವನ ಮುಖಕ್ಕೆ ಬಿಸಿ ಏರುತ್ತಿತ್ತು.

ಬುಧವಾರ ಸಂಜೆ, ಪರೀಕ್ಷೆಯ ಹಿಂದಿನ ದಿನ, ಶಾಲೆಯ ಅಂಗಿಯ ಹರಿದ ಜೇಬು ಹೊಲಿಸಲು ಇಬ್ಬರೂ ನೆಲಮಹಡಿಯ ಟೈಲರಮ್ಮನ ಅಂಗಡಿಗೆ ಇಳಿದರು. ಟೈಲರಮ್ಮ ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಮಾತಾಡುವಾಕೆ.

“ಏನಮ್ಮಾ, ನಾಳೆ ದೊಡ್ಡ ಪರೀಕ್ಷೆಯಂತೆ? ನಿಮ್ಮ ತಾತ ಬೀದಿಗೆಲ್ಲ ಟಾಂಟಾಂ ಹೊಡ್ಕೊಂಡು ಬಂದಿದ್ದಾರೆ, ಮೊಮ್ಮಗಳು ಹತ್ತಕ್ಕೆ ಹತ್ತು ಅಂತ.”

“ಬೇಕಾದ್ರೆ ಒಂದು ಕೇಳಿ ನೋಡಿ,” ತಾತ ಹೇಳಿದ.

ಟೈಲರಮ್ಮ ಮೇಜಿನ ಮೇಲಿದ್ದ ನೀಲಿ ಬಟ್ಟೆಯ ಸುರುಳಿಯನ್ನು ತಟ್ಟಿದಳು. “ಸರಿ. ಇದರಿಂದ ಆರು ಮೀಟರ್ ಕತ್ತರಿಸ್ದೆ. ಇನ್ನು ನಾಲ್ಕು ಮೀಟರ್ ಉಳಿದಿದೆ. ಮೊದ್ಲು ಎಷ್ಟಿತ್ತು?”

ಚುಕ್ಕಿ ಒಂದು ಉಸಿರೂ ತಡಮಾಡಲಿಲ್ಲ. “ಉಳಿದಿದೆ. ಎರಡನೇ ಮನೆ. ಆರರಲ್ಲಿ ನಾಲ್ಕು ಹೋದ್ರೆ ಎರಡು. ಎರಡು ಮೀಟರ್.”

ಟೈಲರಮ್ಮ ಪಿನ್ನುಗಳನ್ನು ಅಂಗೈಗೆ ಉಗುಳಿಕೊಂಡಳು. “ಎರಡು ಮೀಟರ್ ಬಟ್ಟೇಲಿ ಆರು ಮೀಟರ್ ಕತ್ತರಿಸಿ, ಅದರ ಮೇಲೆ ನಾಲ್ಕು ಉಳಿಸ್ದೆನಾ? ಈ ಮಾಯೆ ಗೊತ್ತಿದ್ದಿದ್ರೆ ನಾನ್ಯಾಕೆ ತಾಯಿ ಇಲ್ಲಿ ಕೂತು ಕಂಡೋರ ಪ್ಯಾಂಟಿಗೆ ಜಿಪ್ಪು ಹಾಕ್ತಿದ್ದೆ?”

ತಾತ ನಗಲು ಬಾಯಿ ತೆರೆದ. ಆದರೆ ಕಣ್ಣು ಮೇಜಿನ ಕಡೆ ಹೋಯಿತು. ಮೇಜಿನ ಮೇಲೆ ಆ ಬಟ್ಟೆ ಇತ್ತು. ಕತ್ತರಿಸಿದ ತುಂಡು ಒಂದು ಕಡೆ, ಸುರುಳಿ ಒಂದು ಕಡೆ. ಕಣ್ಣಿದ್ದ ಯಾರಿಗಾದರೂ ಎರಡನ್ನೂ ಸೇರಿಸಬೇಕೆಂದು ಕಾಣುತ್ತಿತ್ತು. ಚುಕ್ಕಿ ಬಟ್ಟೆಯನ್ನು ನೋಡಿಯೇ ಇರಲಿಲ್ಲ.

“ತಮಾಷೆಗೆ ಹೇಳ್ದೆ ಯಜಮಾನ್ರೆ,” ಎಂದಳು ಟೈಲರಮ್ಮ, ಅವನ ಮುಖ ನೋಡಿ. “ಮಗು, ಕಲಿಯುತ್ತೆ ಬಿಡಿ.”

ಜೇಬು ಹೊಲಿಸದೆಯೇ ತಾತ ಮೇಲೆ ಬಂದ. ಕನ್ನಡಕ ಹಾಕಿಕೊಂಡು ಹಳೆಯ ಪುಸ್ತಕವನ್ನು ಬಿಡಿಸಿದ. ಬಿಡಿಸಿ, ಆ ಕರೆಯೋಲೆಯ ನಂತರ ಮೊದಲ ಸಲ, ಅರ್ಥಕ್ಕಾಗಿ ಓದಿದ. ಕೂಡುವ ಪಾಠದಲ್ಲಿ ಎಲ್ಲವೂ ಕೂಡುವ ಲೆಕ್ಕಗಳೇ, ಕಳೆಯುವ ಪಾಠದಲ್ಲಿ ಎಲ್ಲವೂ ಕಳೆಯುವವೇ. ಯಾವ ಮನೆಗೆ ಕೈಹಾಕಬೇಕೆಂದು ಪಾಠದ ತಲೆಬರಹವೇ ಹೇಳುತ್ತಿತ್ತು; ತಟ್ಟೆ ಏನನ್ನೂ ಹೇಳಿರಲಿಲ್ಲ. ಪುಸ್ತಕದ ಕೊನೆಯಲ್ಲಿ ‘ಮಿಶ್ರ ಅಭ್ಯಾಸ’ ಎಂದು ಎರಡು ಪುಟ. ಅಲ್ಲಿಗೆ ಅವರು ಹೋಗಿರಲಿಲ್ಲ. ಅಲ್ಲಿ ಒಬ್ಬ ತಾಯಿ ಹದಿನಾರು ಹಣ್ಣು ಕೊಟ್ಟ ಮೇಲೆ ಅವಳ ಬಳಿ ಇಪ್ಪತ್ತು ಉಳಿದಿದ್ದವು. ಅವಳಲ್ಲಿ ಮೊದಲು ಎಷ್ಟಿದ್ದವು? ಅಲ್ಲಿ ಅಣ್ಣನ ವಯಸ್ಸು ತಂಗಿಗಿಂತ ಐದು ಹೆಚ್ಚು, ಅಣ್ಣನಿಗೆ ಹದಿಮೂರು, ತಂಗಿಗೆ ಎಷ್ಟು? ಒಂದೊಂದು ಪದವೂ ತನ್ನ ಮನೆ ಬಿಟ್ಟು ಬೇರೆ ಮನೆಯಲ್ಲಿ ಕೂತು ನಗುತ್ತಿತ್ತು. ಈ ಸಾಲುಗಳನ್ನು ಅವನು ಇಪ್ಪತ್ತೆರಡು ಸಲ ಜೋಡಿಸಿದ್ದ.

ಅವನಿಗೆ ಹೊಳೆದದ್ದು ಇನ್ನೊಂದು. ಮೊದಲ ದಿನದ ಆ ಹಾಳೆಯಲ್ಲಿ ಚುಕ್ಕಿ ಸೈಕಲ್ಲಿನವನ ಪಕ್ಕದಲ್ಲೇ ಕುಳಿತಿದ್ದಳು. ಬುಟ್ಟಿಯಲ್ಲಿ ಒಡೆದದ್ದನ್ನೂ ಒಡೆಯದ್ದನ್ನೂ ಕಂಡಿದ್ದಳು. ಅವಳಿಗೆ ಹೇಳಬೇಕಾಗಿದ್ದದ್ದು ಇಷ್ಟೇ: ‘ಸಮಾಧಾನ ಮಾಡು, ಆಮೇಲೆ ಇಬ್ಬರೂ ಸೇರಿ ಎಣಿಸಿ.’ ಅವಳಲ್ಲಿ ಇದ್ದದ್ದು ಆ ಕಾಣುವ ಗುಣವೊಂದೇ. ಅದನ್ನೇ ಅವನು ಮೂರು ವಾರ ಕೂತು, ಮೊಳೆ ಕೀಳುವಂತೆ, ಒಂದೊಂದಾಗಿ ಕಿತ್ತುಹಾಕಿದ್ದ.

ಗೋಡೆಯ ಗಡಿಯಾರದಲ್ಲಿ ಆರು ಗಂಟೆ. ಎಂಟಕ್ಕೆ ಸೊಸೆ ಮಲಗುತ್ತಾಳೆ, ಮಗುವೂ ಮಲಗಬೇಕು.

“ಚುಕ್ಕಿ, ಬಾ ಇಲ್ಲಿ. ತಟ್ಟೆ ಬೇಡ. ಇದನ್ನ ಓದು. ಓದಿ ಕಣ್ಣು ಮುಚ್ಚು. ಆ ತಾಯಿ ಕಾಣ್ತಾಳಾ?”

“ಯಾವ ತಾಯಿ?”

“ಹಣ್ಣು ಕೊಟ್ಟೋಳು. ಅವಳ ಕೈಲಿ ಬುಟ್ಟಿ ಇದೆ, ಅಲ್ವಾ?”

“ಬುಟ್ಟಿ ಅಂತ ಬರೆದಿಲ್ಲ.”

“ಬರೆದಿಲ್ಲ ಕಣೇ, ಇರುತ್ತೆ. ಇನ್ಯಾತರಲ್ಲಿ ತರ್ತಾಳೆ? ಹದಿನಾರು ಕೊಟ್ಲು. ಇನ್ನೂ ಇಪ್ಪತ್ತು ಇದೆ. ಕೊಡೋಕೆ ಮುಂಚೆ ಬುಟ್ಟಿ ಭಾರ ಇತ್ತಾ, ಹಗುರ ಇತ್ತಾ?”

“‘ಕೊಟ್ಟಳು’ ಎರಡನೇ ಮನೆ. ‘ಉಳಿದ’ ಎರಡನೇ ಮನೆ. ಎರಡೂ ಎರಡನೇ ಮನೆ ತಾತ. ನಾಲ್ಕು.”

“ಮನೆ ಮರ್ತುಬಿಡು.”

“ಯಾಕೆ?”

“ತಪ್ಪು ಅದು. ನಾನು ತಪ್ಪು ಹೇಳಿಕೊಟ್ಟೆ.”

ಚುಕ್ಕಿ ಅವನನ್ನು ನೋಡಿದಳು. ಆ ನೋಟದಲ್ಲಿ ಅಪನಂಬಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ನೀರಿನಲ್ಲಿ ಹಿಡಿದ ಹಲಗೆಯನ್ನು ಬಿಡು ಎಂದರೆ ಯಾರು ಬಿಡುತ್ತಾರೆ? “ತಪ್ಪಲ್ಲ. ಹತ್ತಕ್ಕೆ ಹತ್ತು ಬಂದಿದೆ. ನೀನೇ ಮಾರ್ಕ್ಸ್ ಹಾಕಿದ್ದು.”

ತಾತ ಬಿಡಲಿಲ್ಲ. ಅಕ್ಕಿ ಡಬ್ಬದ ಅಳತೆ ತಂದ, ಬಕೆಟ್ ತಂದ, ತನ್ನ ಚಪ್ಪಲಿಗಳನ್ನೂ ಸೊಸೆಯ ಚಪ್ಪಲಿಗಳನ್ನೂ ಸಾಲಾಗಿಟ್ಟ. ಅಣ್ಣನಾದ, ತಂಗಿಯಾದ, ಹಣ್ಣಿನ ಬುಟ್ಟಿ ಹೊತ್ತು ಬಾಗಿಲಿನಿಂದ ಕಿಟಕಿಗೆ ಬಳುಕಿಕೊಂಡು ನಡೆದ. ಚುಕ್ಕಿ ನಗಲಿಲ್ಲ. ಅವಳ ಕಣ್ಣು ತಟ್ಟೆಯ ಮೇಲೇ ಇತ್ತು. ಎಂಟು ಗಂಟೆ ಹೊಡೆದಾಗ ತಾತನ ಸಹನೆ ಮುಗಿಯಿತು. ಅವನು ತಟ್ಟೆಯನ್ನೆತ್ತಿ ಕವುಚಿಹಾಕಿದ. ಚೀಟಿಗಳು ನೆಲದ ತುಂಬ ಚೆಲ್ಲಿದವು.

ಚುಕ್ಕಿ ಅಳಲಿಲ್ಲ. ಮಂಡಿಯೂರಿ, ಒಂದೊಂದೇ ಚೀಟಿ ಹೆಕ್ಕಿ, ಓದಿ, ಅದರದರ ಮನೆಗೆ ಹಾಕತೊಡಗಿದಳು. ಮಂಚದ ಕೆಳಗೆ ಹೋದದ್ದನ್ನೂ ಕಸಬರಿಕೆಯಿಂದ ಎಳೆದು ತಂದಳು. ತಾತ ನಿಂತು ನೋಡಿದ. ಅಚ್ಚುಕೂಟದಲ್ಲಿ ಹೀಗೆ ಹುಡುಕುತ್ತಿದ್ದವನು ತಾನೇ.

“ನೀನೇ ಹೇಳಿದ್ದು,” ಎಂದಳು ಅವಳು, ತಲೆ ಎತ್ತದೆ, “ಅರ್ಥ ಓದಿದ್ರೆ ತಪ್ಪಾಗುತ್ತೆ ಅಂತ.”

ತಾತ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಕುಳಿತುಕೊಳ್ಳುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. “ಹೇಳಿದ್ದೆ. ನಾನು ಹಾಗೇ ಬದುಕಿದ್ದು. ನಿಮ್ಮಪ್ಪನ ಚೀಟಿ ಬಂತಲ್ಲ, ಫೋಟೋ ಹಾಕಿ, ಹೆಸರು ಹಾಕಿ, ಅದನ್ನೂ ನಾನೇ ಜೋಡಿಸಿದ್ದು. ಆಗ್ಲೂ ಓದಿಲ್ಲ. ಅಕ್ಷರ ನೋಡ್ದೆ, ಮೊಳೆ ಇಟ್ಟೆ.”

“ತಪ್ಪಾಯ್ತಾ?”

“ಇಲ್ಲ. ಒಂದೂ ತಪ್ಪಾಗ್ಲಿಲ್ಲ.”

“ಆಮೇಲೆ ಓದಿದ್ಯಾ?”

“ಇಲ್ಲ.”

“ಇವತ್ತಿನ ತನಕ?”

“ಇವತ್ತಿನ ತನಕ.”

ಚುಕ್ಕಿ ಕೈಯಲ್ಲಿದ್ದ ಚೀಟಿಯನ್ನು ಮಡಿಸಿದಳು, ಬಿಡಿಸಿದಳು. “ಹಾಗಾದ್ರೆ ಅಪ್ಪ ಸತ್ತಿದ್ದು ನಿಂಗೆ ಗೊತ್ತಿಲ್ವಾ?”

ಒಳಕೋಣೆಯಿಂದ ಸೊಸೆಯ ದನಿ ಬಂತು. ಅವಳು ಎಚ್ಚರವಾಗಿಯೇ ಇದ್ದಳು. “ಸಾಕು ಮಾವ. ಮಲಗಿಸಿ ಅವಳನ್ನ. ಆಗೋದು ಆಗುತ್ತೆ.” ಮತ್ತೆ, ಮೆಲ್ಲಗೆ, “ಅಕ್ಕನಿಗೆ ಹೇಳಿದ್ದೀನಿ, ಈ ತಿಂಗಳ ಕೊನೆಗೆ ಬರಬಹುದು ಅಂತ.”

ಬೆಳಿಗ್ಗೆ ಶಾಲೆಯ ಗೇಟಿನ ಪಕ್ಕ, ನೀರಿನ ನಲ್ಲಿಯ ಕಟ್ಟೆಯ ಮೇಲೆ ತಾತ ಕುಳಿತ. ಪರೀಕ್ಷೆಗೆ ಬಂದವರು ಆರು ಮಕ್ಕಳು. ನಲ್ಲಿ ತೊಟ್ಟಿಕ್ಕುತ್ತಿತ್ತು, ಅವನು ಹನಿಗಳನ್ನು ಎಣಿಸಲು ಹೋಗಿ ನೂರರಾಚೆ ತಪ್ಪಿಸಿಕೊಂಡ. ಹತ್ತೂವರೆಗೆ ಇಬ್ಬರು ಹೊರಗೆ ಬಂದರು, ಹತ್ತೂಮುಕ್ಕಾಲಿಗೆ ಮೂವರು. ಚುಕ್ಕಿ ಬರಲಿಲ್ಲ. ಕಿಟಕಿಯ ಸರಳುಗಳ ನಡುವೆ ಅವಳ ಬಾಗಿದ ತಲೆ ಕಾಣುತ್ತಿತ್ತು. ಪೆನ್ಸಿಲ್ ಬಾಯಲ್ಲಿತ್ತು. ಅವಳು ಬರೆಯುತ್ತಿರಲಿಲ್ಲ, ಎದುರಿನ ಖಾಲಿ ಗೋಡೆಯನ್ನು ನೋಡುತ್ತಿದ್ದಳು. ಆ ನೋಟ ತಾತನಿಗೆ ಗೊತ್ತಿತ್ತು. ಮೂರು ವಾರದಿಂದ ಅದನ್ನು ಅವನು ಕಂಡಿರಲಿಲ್ಲ. ಎದೆಯೊಳಗೆ ಆಸೆಯೊಂದು ಏಳಲು ನೋಡಿತು. ಅವನು ಅದನ್ನು ಅದುಮಿ ಕೂರಿಸಿದ.

ಹನ್ನೊಂದೂಕಾಲಿಗೆ ಟೀಚರ್ ಕರೆದರು. ಕೆಂಪು ಶಾಯಿ ಆಗಲೇ ಬಿದ್ದಿತ್ತು.

“ಎರಡು ಸರಿ. ಎರಡು ತಪ್ಪು. ಹೇಗೆ ತಪ್ಪಿದ್ದಾಳೆ ನೋಡಿ. ‘ಹೆಚ್ಚು’ ಅಂತ ಕಂಡ್ರೆ ಕೂಡ್ತಾಳೆ, ‘ಉಳಿದ’ ಅಂತ ಕಂಡ್ರೆ ಕಳೀತಾಳೆ. ಯಾವನೋ ಟ್ಯೂಷನ್ನಿನವನು ಹೇಳಿಕೊಟ್ಟಿರ್ಬೇಕು. ಇಂಥ ಅಡ್ಡದಾರಿ ತೋರಿಸೋರ ಕೈ ಕಟ್ಟಿಹಾಕ್ಬೇಕು.”

ತಾತ ತನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ. “ಐದನೇದು?”

‘ಒಂದು ಬಸ್ಸಿನಿಂದ ಮೊದಲ ನಿಲ್ದಾಣದಲ್ಲಿ 14 ಪ್ರಯಾಣಿಕರು ಇಳಿದರು. 23 ಪ್ರಯಾಣಿಕರು ಬಸ್ಸಿನಲ್ಲಿ ಉಳಿದರು. ಹೊರಡುವಾಗ ಬಸ್ಸಿನಲ್ಲಿ ಎಷ್ಟು ಜನರಿದ್ದರು?’ ಕೆಳಗೆ ಚುಕ್ಕಿ ಬರೆದಿದ್ದಳು: ಹದಿನಾಲ್ಕು ಮತ್ತು ಇಪ್ಪತ್ತಮೂರು, ಮೂವತ್ತೇಳು. ಅದರ ಕೆಳಗೆ ಇನ್ನೊಂದು ಸಾಲು: ಮೂವತ್ತೇಳು ಮತ್ತು ಒಂದು, ಮೂವತ್ತೆಂಟು. ಮೂವತ್ತೆಂಟರ ಸುತ್ತ ಕೆಂಪು ವೃತ್ತ.

“ಇಳಿದರು, ಉಳಿದರು, ಎರಡೂ ಇದ್ರೂ ಕೂಡಿದ್ದಾಳೆ,” ಎಂದ ತಾತ. ಎರಡನೆಯ ಮನೆಯಿಂದ ಅವಳು ಹೊರಗೆ ಬಂದಿದ್ದಳು. “ಮೂವತ್ತೇಳು ಬರೆದಿದ್ದಾಳಲ್ಲ ಟೀಚರ್. ಸರಿ ಉತ್ತರ ಅದೇ ಅಲ್ವಾ?”

“ಅದೇ. ಅಲ್ಲಿಗೇ ಪೆನ್ಸಿಲ್ ಇಟ್ಟಿದ್ರೆ ಪಾಸು. ಆ ಒಂದು ಎಲ್ಲಿಂದ ಬಂತೋ ನಂಗೂ ತಿಳೀಲಿಲ್ಲ. ಕೇಳಿದ್ರೆ ಬಾಯಿ ಬಿಡಲ್ಲ.”

“ಕೈತಪ್ಪಿ ಬರೆದಿದ್ದಾಳೆ. ಕೊನೇ ಸಾಲು ಬಿಟ್ಟುಬಿಡಿ. ನಿಮ್ಮ ಕಾಲು ಹಿಡ್ಕೋತೀನಿ.” ಅರವತ್ತು ದಾಟಿದ ಮನುಷ್ಯ ಕುಳ್ಳು ಬೆಂಚಿನಿಂದ ಏಳಲು ಹೋಗಿ ಮತ್ತೆ ಕುಳಿತ. “ಕರಡು ತಿದ್ದೋ ಹಾಗೆ ಒಂದು ಗೆರೆ ಎಳೀರಿ, ಸಾಕು. ಅವಳನ್ನ ಕರ್ಕೊಂಡು ಹೋಗಿಬಿಡ್ತಾರೆ.”

ಟೀಚರ್ ಹಾಳೆಯನ್ನು ಮತ್ತೊಮ್ಮೆ ಓದಿದರು. “ಹಾಳೆ ಮೇಲಿನವರಿಗೆ ಹೋಗುತ್ತೆ ತಾತ. ಮಗು ಬರೆದಿದ್ದನ್ನ ನಾನು ಹೇಗೆ ಅಳಿಸ್ಲಿ?” ಆಮೇಲೆ, ಅವನ ಮುಖ ನೋಡಲಾರದೆ, ಹಾಳೆಯ ಒಂದು ಪ್ರತಿ ತೆಗೆದುಕೊಟ್ಟರು.

ದಾರಿಯಲ್ಲಿ ತಾತ ಒಮ್ಮೆ ಕೇಳಿದ, “ಆ ಒಂದು ಯಾವುದೇ?” ಚುಕ್ಕಿ ಹರಿದ ಜೇಬಿನೊಳಗೆ ಬೆರಳು ತೂರಿಸಿ ಮುಂದೆ ಮುಂದೆ ನಡೆದಳು. ಅವನು ಮತ್ತೆ ಕೇಳಲಿಲ್ಲ. ಕೇಳಿ ಆಗಬೇಕಾದ್ದೇನು? ಮನೆಯ ಮೆಟ್ಟಿಲುಗಳು ಅಂದು ಲೆಕ್ಕಕ್ಕಿಂತ ಹೆಚ್ಚಿದ್ದವು. ಅಟ್ಟದ ಮೇಲಿದ್ದ ದೊಡ್ಡ ಸೂಟ್‌ಕೇಸ್, ಅಲ್ಲಿರುವುದು ಇಷ್ಟು ವರ್ಷ ಕಾಣದೇ ಇದ್ದದ್ದು, ಬಾಗಿಲು ತೆರೆದೊಡನೆ ಕಣ್ಣಿಗೆ ಬಿತ್ತು.

ಸೊಸೆ ಎರಡು ಗಂಟೆಗೆ ಬಂದಳು. ತಲೆಗೆ ಕಾರ್ಖಾನೆಯ ಬಿಳಿ ಟೋಪಿ ಹಾಗೇ ಇತ್ತು. ತಾತ ಹಾಳೆಯನ್ನು ಕೈಗೆ ಕೊಟ್ಟು ಹೇಳಿದ, “ತಪ್ಪು ನಂದು ಕಣಮ್ಮ. ಅವಳದಲ್ಲ. ದಾರಿ ತಪ್ಪಿಸಿದ್ದು ನಾನು.” ಸೊಸೆ ತಲೆಯಾಡಿಸಿದಳು; ಅದು ಕ್ಷಮೆಯೋ ಸುಸ್ತೋ ತಿಳಿಯಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ಮೊದಲಿನಿಂದ ಓದಿದಳು. ಕೊನೆಯ ಲೆಕ್ಕದ ಬಳಿ ಬೆರಳು ನಿಂತಿತು.

“ಮೂವತ್ತೇಳು ಬಂದ ಮೇಲೆ ಒಂದು ಯಾಕೆ ಸೇರಿಸ್ದೆ?”

ಚುಕ್ಕಿ ಅಮ್ಮನ ಚಪ್ಪಲಿಗಳನ್ನು ನೋಡುತ್ತ ಹೇಳಿದಳು, “ಡ್ರೈವರ್.”

“ಏನು?”

“ಅವರು ಪ್ರಯಾಣಿಕರನ್ನ ಮಾತ್ರ ಎಣಿಸಿದ್ದಾರೆ. ಡ್ರೈವರನ್ನ ಎಣಿಸಿಲ್ಲ. ಬಸ್ಸು ತಾನಾಗೇ ಹೊರಡಲ್ವಲ್ಲ.”

ಸೊಸೆ ಆ ಸಾಲನ್ನು ಮತ್ತೊಮ್ಮೆ ಓದಿದಳು. ಆಮೇಲೆ, ದಣಿದ ತಾಯಂದಿರಿಗಿರುವ ವ್ಯವಹಾರದ ದನಿಯಲ್ಲೇ ಕೇಳಿದಳು, “ಹಾಗಂದ್ರೆ ಕಂಡಕ್ಟರ್?”

“ಅಪ್ಪನ ಬಸ್ಸಲ್ಲಿ ಕಂಡಕ್ಟರ್ ಇರ್ಲಿಲ್ಲ.”

ಕೆಳಗಿನಿಂದ ಟೈಲರಮ್ಮನ ಯಂತ್ರದ ಸದ್ದು ಬರುತ್ತಿತ್ತು. ಓಡಿತು, ನಿಂತಿತು, ಮತ್ತೆ ಓಡಿತು. ಸೊಸೆ ಹೊಸ್ತಿಲಿಗೆ ಒರಗಿ ಹಾಗೇ ಜಾರಿ ನೆಲಕ್ಕೆ ಕುಳಿತಳು. ಟೋಪಿ ತೆಗೆದಳು. ಹಾಳೆಯನ್ನು ಮೊಣಕಾಲ ಮೇಲೆ ಹರಡಿ, ಕೆಂಪು ವೃತ್ತದೊಳಗಿನ ಅಂಕಿಯ ಮೇಲೆ ಹೆಬ್ಬೆರಳಿಟ್ಟಳು. ಮೂವತ್ತಾರು ಮಂದಿಯೂ ಸುರಕ್ಷಿತ ಎಂದು ಬರೆದಿದ್ದ ಆ ಪತ್ರಿಕೆ ಮೂರು ವರ್ಷದಿಂದ ಅವಳ ಬಟ್ಟೆಗಳ ಅಡಿಯಲ್ಲಿತ್ತು. ಅದು ತಾತನಿಗೂ ಗೊತ್ತಿತ್ತು. ಮಗುವಿಗೂ ಗೊತ್ತಿತ್ತೆಂದು ಈಗ ತಿಳಿಯಿತು.

“ಟೀಚರಿಗೆ ಹೇಳಿದ್ಯಾ ಇದನ್ನ?”

“ಇಲ್ಲ.”

“ಯಾಕೆ?”

“ಅವರು ಕಥೆ ಅಂತಾರೆ.”

ತಾತ ಗೋಡೆಗೆ ಒರಗಿ ನಿಂತಿದ್ದ. ಸೂಟ್‌ಕೇಸ್ ಇಳಿಸಿಕೊಡಬೇಕಾದವನು ತಾನೇ. ಸೊಸೆಯ ಕೈಗೆ ಅಟ್ಟ ಎಟುಕುವುದಿಲ್ಲ. ಅವಳು ಕೇಳುವ ಮೊದಲೇ ಇಳಿಸಿದರೆ ಅವಳಿಗೆ ಕೇಳುವ ಕಷ್ಟವಾದರೂ ತಪ್ಪುತ್ತದೆ ಎಂದುಕೊಂಡು ಸ್ಟೂಲಿಗೆ ಕೈ ಹಾಕಿದ.

“ಎಲ್ಲಿಗೆ ಹತ್ತುತ್ತೀರಿ ಮಾವ, ಈ ವಯಸ್ಸಲ್ಲಿ?”

“ಸೂಟ್‌ಕೇಸು.”

“ಬಿಡಿ ಅದನ್ನ.” ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಅಲ್ಲಿದ್ದದ್ದನ್ನು ಅಲ್ಲೇ ಇರಲು ಬಿಟ್ಟಳು. “ಮೂರನೇ ಕ್ಲಾಸೇ ಆಗ್ಲಿ. ಇನ್ನೊಂದು ವರ್ಷ ತಾನೇ.”

“ನಿಮ್ಮ ಭಾವ ಮೇಷ್ಟ್ರು. ಚೆನ್ನಾಗಿ ಕಲಿಸ್ತಾರೆ.” ತಾತ ಈ ಮಾತನ್ನು ಹೇಳಲೇಬೇಕಿತ್ತು. ಮೂರು ವಾರದ ತಪ್ಪಿಗೆ ಅಷ್ಟಾದರೂ ಪ್ರಾಮಾಣಿಕತೆ ಬೇಕಿತ್ತು.

“ಕಲಿಸ್ತಾರೆ. ಮೊದಲ ದಿನಾನೇ ಈ ಒಂದನ್ನ ಹೊಡೆದುಹಾಕ್ತಾರೆ.”

ಚುಕ್ಕಿ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ತನ್ನ ಲೆಕ್ಕ ತಾನೇ ಹಾಕಿಕೊಂಡಳು. “ಮೂರನೇ ಕ್ಲಾಸಲ್ಲಿ ಎಲ್ಲರಿಗಿಂತ ನಾನೇ ಉದ್ದ ಆಗ್ತೀನಿ. ಹಿಂದಿನ ಬೆಂಚು.” ಅವಳ ತುಟಿ ಆಗ ಮಾತ್ರ ನಡುಗಿತು. ತನ್ನ ಗೆಳತಿಯರು ಕಿಟಕಿಯಿಂದ ನೋಡುವುದನ್ನು ಅವಳು ಕಂಡಿರಬೇಕು. ಕಾಣುವುದನ್ನು ಈಗ ಯಾರೂ ತಡೆಯುವಂತಿರಲಿಲ್ಲ. ಸೊಸೆ ಅವಳನ್ನು ಮಡಿಲಿಗೆ ಎಳೆದುಕೊಂಡಳು. ಅವಳು ಮಡಿಲಿಗೆ ದೊಡ್ಡವಳಾಗಿದ್ದಳು. ಕಾಲುಗಳು ಹೊಸ್ತಿಲಾಚೆ ಚಾಚಿದವು.

ತಾತ ಒಳಗೆ ಹೋಗಿ ಟ್ರಂಕು ತೆರೆದ. ಹಳೆಯ ಗಣಿತ ಪುಸ್ತಕದ ಅಡಿಯಲ್ಲಿ, ದಾರ ಕಟ್ಟಿದ ಕಂತೆಯಲ್ಲಿ, ಹಂಚದೆ ಉಳಿದ ನಿಧನದ ಚೀಟಿಗಳಿದ್ದವು. ಒಂದನ್ನು ಎಳೆದುಕೊಂಡ. ಕಪ್ಪು ಅಂಚು ಸರಿಯಾಗಿತ್ತು, ಸಾಲುಗಳು ನೇರವಾಗಿದ್ದವು, ಮೊಳೆ ಒಂದೂ ಅಲುಗಿರಲಿಲ್ಲ. ಕಿಟಕಿಯ ಬೆಳಕಿಗೆ ಬಂದು ಕನ್ನಡಕ ಹಾಕಿಕೊಂಡ.

“ನಾನು ಓದಿ ಹೇಳ್ಲಾ ತಾತ?” ಅಮ್ಮನ ಮಡಿಲಿನಿಂದಲೇ ಚುಕ್ಕಿ ಕೇಳಿದಳು.

“ಬೇಡ ಕಣೇ. ನಾನೇ ಓದ್ತೀನಿ.”

ಮೊದಲ ಸಾಲಿನಲ್ಲಿ ಮಗನ ಹೆಸರಿತ್ತು. ಅದನ್ನು ದಾಟುವುದಕ್ಕೇ ಅವನಿಗೆ ಬಹಳ ಹೊತ್ತು ಹಿಡಿಯಿತು.